ಅಲಗಿನ ಬುಡದ ಅಕ್ಷರ

ಹಳೆಯ ಜೇಬುಚಾಕು ಕೈಗೆ ಸಿಕ್ಕಾಗ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಉಗುರು ಸಿಕ್ಕಿಸಿ ಅಲಗು ಬಿಡಿಸುತ್ತಾರೆ, ಅದರ ಬುಡವನ್ನು ಬೆಳಕಿಗೆ ಓರೆಯಾಗಿ ಹಿಡಿದು ಅಲ್ಲಿ ಕುಟ್ಟಿರುವ ಅಕ್ಷರ ಓದಲು ಹೆಣಗುತ್ತಾರೆ. ಹೆಸರು ಕಂಡರೆ ಮುಖ ಅರಳುತ್ತದೆ, ಕಾಣದಿದ್ದರೆ ಚಾಕು ಮತ್ತೆ ಡಬ್ಬಿ ಸೇರುತ್ತದೆ. ಸಂಗ್ರಾಹಕರಲ್ಲಿ ಈ ಮುದ್ರೆಗೆ ಇರುವ ಮನ್ನಣೆ ಅಷ್ಟಿಷ್ಟಲ್ಲ. ಯಾವ ಮುದ್ರೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಬಳಕೆಯಲ್ಲಿತ್ತು ಎಂಬ ಪಟ್ಟಿಗಳಿಗಾಗಿಯೇ ದಪ್ಪ ದಪ್ಪ ಪುಸ್ತಕಗಳು ಬಂದಿವೆ. ಆ ಪಟ್ಟಿಗಳಿಲ್ಲದೆ ಈ ಹವ್ಯಾಸ ಒಂದು ಹೆಜ್ಜೆಯೂ ಮುಂದೆ ಹೋಗದು, ಒಪ್ಪುತ್ತೇನೆ. ಆದರೂ ಎರಡು ಶತಮಾನಗಳ ಚಾಕುಗಳ ಬಗ್ಗೆ ತಿಳಿದಿರುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನ್ನಿಸುವುದು ಇಷ್ಟು: ಮುದ್ರೆ ಹಲವು ಸಾಕ್ಷಿಗಳಲ್ಲಿ ಒಂದು, ಅದೂ ಎಲ್ಲಕ್ಕಿಂತ ಸುಲಭವಾಗಿ ಸುಳ್ಳು ಹೇಳಬಲ್ಲ ಸಾಕ್ಷಿ. ಹಿಡಿಯ ವಸ್ತು, ಸ್ಪ್ರಿಂಗಿನ ಬಿಗಿ, ಮೊಳೆಯ ತಲೆ, ಅಲಗಿನ ಸವೆತ ಇವೆಲ್ಲ ಅದರ ಮಾತಿಗೆ ಹೂಂಗುಟ್ಟಿದ ಮೇಲೆಯೇ ಆ ಹೆಸರನ್ನು ನಂಬಬೇಕು.

ಈ ಮಾತನ್ನು ವಿವರಿಸಲು ಇಂಗ್ಲೆಂಡಿನ ಶೆಫೀಲ್ಡಿನಿಂದಲೇ ಹೊರಡಬೇಕು. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಒಬ್ಬ ಗಿರಣಿಯವನು ಶೆಫೀಲ್ಡ್ ಚಾಕು ಸಿಕ್ಕಿಸಿಕೊಂಡು ಓಡಾಡುತ್ತಾನೆ. ಆ ಊರಿನ ಹೆಸರೆತ್ತಿದರೆ ಚಾಕು ನೆನಪಾಗುವ ಕಾಲ ಆಗಲೇ ಬಂದಿತ್ತು. ಬೆಟ್ಟದಿಂದ ಇಳಿಯುವ ಹೊಳೆಗಳು ಸಾಣೆಚಕ್ರ ತಿರುಗಿಸಿದವು, ಸಾಣೆಗೆ ಬೇಕಾದ ಮರಳುಗಲ್ಲು ಸುತ್ತಮುತ್ತಲೇ ಸಿಗುತ್ತಿತ್ತು. 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಶೆಫೀಲ್ಡ್ ಸುತ್ತಲಿನ ಹಾಲಮ್‌ಶೈರ್ ಸೀಮೆಯ ಚಾಕುಗಾರರ ಸಂಘ ಹುಟ್ಟಿತು. ಕಸುಬುದಾರರಿಗೆ ಅವರವರದೇ ಗುರುತು ಕೊಟ್ಟು ದಾಖಲೆ ಇಡುವುದು ಆ ಸಂಘದ ಮುಖ್ಯ ಕೆಲಸಗಳಲ್ಲಿ ಒಂದು. ಅಲಗಿನ ಬುಡದ ಮುದ್ರೆ ಅಲ್ಲಿಂದ ಮುಂದೆ ಆಸ್ತಿಯಾಯಿತು. ಅಪ್ಪನಿಂದ ಮಗನಿಗೆ ಹೋಗುವ, ದುಡ್ಡು ಕೊಟ್ಟವನ ಪಾಲಾಗುವ ಆಸ್ತಿ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಉಕ್ಕನ್ನು ಮೂಸೆಯಲ್ಲಿ ಕರಗಿಸಿ ಎರಕ ಹೊಯ್ಯುವ ದಾರಿ ಕಂಡುಕೊಂಡ. ಒಳಗೆ ಕಲ್ಮಶವಿಲ್ಲದ, ಎಲ್ಲೆಡೆ ಒಂದೇ ಗುಣದ ಉಕ್ಕು ಸಿಕ್ಕಿದ್ದರಿಂದ ತೆಳುವಾದರೂ ಮುರಿಯದ ಅಲಗು, ವರ್ಷಗಟ್ಟಲೆ ಬಿಗಿ ಕಳೆದುಕೊಳ್ಳದ ಸ್ಪ್ರಿಂಗ್ ಎರಡೂ ಸಾಧ್ಯವಾದವು. 19ನೆಯ ಶತಮಾನದ ಶೆಫೀಲ್ಡ್ ಜೇಬುಚಾಕುವಿನ ಕೀರ್ತಿಗೆ ಇದೇ ಅಡಿಪಾಯ.

ಚಾಕು ಒಬ್ಬನ ಕೈಯಲ್ಲಿ ಪೂರ್ತಿಯಾಗುತ್ತಿದ್ದುದು ಕಡಿಮೆ. ಕುಲುಮೆಯವನು ಅಲಗು ಬಡಿದು ರೂಪ ಕೊಡುತ್ತಿದ್ದ. ಉಕ್ಕು ಇನ್ನೂ ಮೆದುವಾಗಿರುವಾಗಲೇ ಬುಡಕ್ಕೆ ಅಚ್ಚಿಟ್ಟು ಹೆಸರು ಕುಟ್ಟಿ, ಆಮೇಲೆ ಹದ ಕೊಡುತ್ತಿದ್ದರು. ಸಾಣೆಗಾರ ಬಾಯಿ ತೆಗೆಯುತ್ತಿದ್ದ. ಕೊನೆಗೆ ಜೋಡಿಸುವವನು ಅಲಗು, ಸ್ಪ್ರಿಂಗ್, ಹಿತ್ತಾಳೆ ತಗಡು, ಹಿಡಿಯ ಹೋಳು ಎಲ್ಲವನ್ನೂ ಮೊಳೆ ಹಾಕಿ ಒಂದು ಮಾಡುತ್ತಿದ್ದ. ಸಣ್ಣ ಕೋಣೆ ಬಾಡಿಗೆ ಹಿಡಿದು ತಮ್ಮ ಪಾಡಿಗೆ ದುಡಿಯುವ ಇಂಥ ಕಸುಬುದಾರರನ್ನು ಆ ಊರಿನಲ್ಲಿ ‘ಲಿಟ್ಲ್ ಮೆಸ್ಟರ್’ ಎಂದು ಕರೆಯುತ್ತಿದ್ದರು. ದೊಡ್ಡ ಕಂಪನಿಯ ಹೆಸರು ಹೊತ್ತ ಎಷ್ಟೋ ಚಾಕುಗಳು ಇವರ ಕೋಣೆಗಳಲ್ಲಿ ಆದವು. ಸಾಣೆಗಾರರ ಪಾಡನ್ನಂತೂ ಸಂಗ್ರಾಹಕರು ಮರೆಯಲೇಬಾರದು. ಒಣ ಸಾಣೆಯ ಕಲ್ಲುದೂಳು ಎದೆ ಸೇರಿ ಸಾವಿರಾರು ಜನ ನಡುವಯಸ್ಸು ದಾಟುವ ಮೊದಲೇ ಉಸಿರು ಸಿಗದೆ ಸತ್ತರು. ‘ಸಾಣೆಗಾರರ ಉಬ್ಬಸ’ ಎಂದೇ ಅಲ್ಲಿನ ವೈದ್ಯರು ಆ ಕಾಯಿಲೆಯ ಬಗ್ಗೆ ಬರೆದರು. ನಾವು ಭೂತಗನ್ನಡಿ ಹಿಡಿದು ಮೆಚ್ಚುವ ಆ ಕನ್ನಡಿ ಹೊಳಪಿಗೆ ಯಾರೋ ತಮ್ಮ ಶ್ವಾಸಕೋಶ ತೆತ್ತಿದ್ದಾರೆ. ಈ ಪರಂಪರೆಯ ಕೊನೆಯ ದೊಡ್ಡ ಹೆಸರು ಸ್ಟ್ಯಾನ್ ಶಾ. 14ನೆಯ ವಯಸ್ಸಿಗೆ ಇಬರ್ಸನ್ ಕಂಪನಿಯಲ್ಲಿ ಕೆಲಸ ಕಲಿಯಲು ಸೇರಿದ ಅವರು ಮುಂದೆ ಹಲವು ದಶಕ ಒಬ್ಬರೇ ಕೂತು ಚಾಕು ಮಾಡಿದರು. 2021ರಲ್ಲಿ ತೀರಿಕೊಂಡರು.

ಶೆಫೀಲ್ಡಿನ ಹೆಸರುಗಳಲ್ಲಿ ನಮ್ಮ ದೇಶದ ಹಳೆಯ ಮನೆಗಳಿಗೆ ಹೆಚ್ಚು ಪರಿಚಿತವಾದದ್ದು ಜೋಸೆಫ್ ರಾಜರ್ಸ್ ಅಂಡ್ ಸನ್ಸ್. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಪಕ್ಕಪಕ್ಕ ಇರುವುದು ಅವರ ಗುರುತು. ನಾಲ್ಕನೆಯ ಜಾರ್ಜ್ ದೊರೆಯ ಕಾಲದಿಂದ ಅವರು ಬ್ರಿಟಿಷ್ ಅರಮನೆಯ ಚಾಕುಗಾರರು. 1822ರಲ್ಲಿ ಅವರು ಮಾಡಿದ ‘ವರ್ಷದ ಚಾಕು’ವಿನಲ್ಲಿ ಇಸವಿಗೆ ಸರಿಯಾಗಿ 1822 ಅಲಗುಗಳಿದ್ದವು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಮಾಡಿದ, 75 ಅಲಗಿನ, ಮುತ್ತಿನ ಚಿಪ್ಪಿನ ಹಿಡಿಯ ನಾರ್ಫೋಕ್ ಚಾಕು ಈಗ ಶೆಫೀಲ್ಡಿನ ಚಾಕುಗಾರರ ಭವನದಲ್ಲಿದೆ. ಜೇಬಿನಲ್ಲಿ ಇಟ್ಟುಕೊಳ್ಳಲಾಗದ ಈ ಜೇಬುಚಾಕುಗಳು ಕೈಚಳಕದ ಪ್ರದರ್ಶನಕ್ಕೆ ಹುಟ್ಟಿದವು. ರಾಜರ್ಸ್‌ಗೆ ಸರಿಸಾಟಿಯಾಗಿ ನಿಂತ ಜಾರ್ಜ್ ವೋಸ್ಟನ್‌ಹೋಮ್ ಕಂಪನಿಯ ಮುದ್ರೆ ‘ಐ ಎಕ್ಸ್ ಎಲ್’. ಅವರ ಕಣ್ಣು ಅಮೆರಿಕದ ಮಾರುಕಟ್ಟೆಯ ಮೇಲಿತ್ತು, ಕಾರ್ಖಾನೆಗೂ ವಾಷಿಂಗ್ಟನ್ ವರ್ಕ್ಸ್ ಎಂದೇ ಹೆಸರಿಟ್ಟಿದ್ದರು. ಅದೇ 1851ರಲ್ಲಿ ಪ್ರಕಟವಾದ ‘ಮೊಬಿ ಡಿಕ್’ ಕಾದಂಬರಿಯಲ್ಲಿ ಮೆಲ್ವಿಲ್ ಹಡಗಿನ ಬಡಗಿಯ ಬಹುವಿದ್ಯೆಯನ್ನು ವರ್ಣಿಸಲು ಶೆಫೀಲ್ಡಿನ ಬಹುಅಲಗಿನ ಜೇಬುಚಾಕುವನ್ನೇ ತರುತ್ತಾನೆ.

ಇನ್ನು ಕಾಲ ಗುರುತಿಸುವ ವಿದ್ಯೆ. ರಾಜರ್ಸ್ ಅಲಗಿನ ಬುಡದಲ್ಲಿ ಕಿರೀಟದ ಎರಡು ಪಕ್ಕ ದೊರೆಯ ಹೆಸರಿನ ಅಕ್ಷರಗಳಿರುವುದುಂಟು. ‘ವಿ ಆರ್’ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. ‘ಜಿ ಆರ್’ ಇದ್ದರೆ ತೊಡಕು ಶುರು. 1830ರಲ್ಲಿ ತೀರಿಕೊಂಡ ನಾಲ್ಕನೆಯ ಜಾರ್ಜನೂ ಇರಬಹುದು, 1910ರಲ್ಲಿ ಪಟ್ಟಕ್ಕೆ ಬಂದ ಐದನೆಯ ಜಾರ್ಜನೂ ಇರಬಹುದು. ನಡುವೆ 80 ವರ್ಷಗಳ ಅಂತರ! ಮುದ್ರೆಯೊಂದನ್ನೇ ನೆಚ್ಚಿಕೊಂಡವರು ಇಲ್ಲಿ ಎಡವುತ್ತಾರೆ, ಹಲವು ಸಲ ತಮ್ಮ ಅನುಕೂಲದ ಕಡೆಗೇ ಎಡವುತ್ತಾರೆ. ಬಿಡಿಸಿಕೊಳ್ಳಲು ಇನ್ನೊಂದು ಸುಳಿವು ಬೇಕು. 1890ರ ಅಮೆರಿಕದ ಮೆಕಿನ್ಲಿ ಸುಂಕ ಕಾಯ್ದೆ ಹೊರದೇಶದ ಸರಕಿನ ಮೇಲೆ ಮೂಲದೇಶದ ಹೆಸರು ಇರಲೇಬೇಕು ಎಂದು ವಿಧಿಸಿತು, 1891ರ ಮಾರ್ಚಿನಿಂದ ಅದು ಜಾರಿಗೆ ಬಂತು. ಹೀಗಾಗಿ ಬುಡದಲ್ಲಿ ‘ಇಂಗ್ಲೆಂಡ್’ ಎಂದಿದ್ದರೆ ಚಾಕು ಬಹುತೇಕ ಆ ವರ್ಷದ ಈಚಿನದು. ಇದನ್ನು ತಿರುಗಿಸಿ ಹೇಳುವಂತಿಲ್ಲ. ದೇಶದ ಹೆಸರಿಲ್ಲ ಎಂದ ಮಾತ್ರಕ್ಕೆ ಚಾಕು 1891ಕ್ಕಿಂತ ಹಿಂದಿನದು ಎನ್ನಲಾಗದು. ಆ ಕಾಯ್ದೆ ಅಮೆರಿಕಕ್ಕೆ ಹೋಗುವ ಸರಕಿನದು. ಶೆಫೀಲ್ಡಿನ ಅಂಗಡಿಯಲ್ಲೋ ಮದರಾಸಿನ ಅಂಗಡಿಯಲ್ಲೋ ಮಾರುವ ಚಾಕುವನ್ನು ಅದು ಕಟ್ಟಿಹಾಕಿರಲಿಲ್ಲ. ನಮ್ಮಲ್ಲಿ ಸಿಗುವ ಚಾಕುಗಳಿಗೆ ಅಮೆರಿಕನ್ ಪಟ್ಟಿ ಹಚ್ಚುವಾಗ ಈ ಒಂದು ಅಂಶ ಸದಾ ತಲೆಯಲ್ಲಿರಬೇಕು.

ಇನ್ನೂ ಕೆಲವು ಗಡಿಗಳಿವೆ. ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ತುಕ್ಕುನಿರೋಧಕ ಉಕ್ಕು ತಯಾರಿಸಿದ್ದು 1913ರಲ್ಲಿ. ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಎಂದಿದ್ದರೆ ಅದಕ್ಕಿಂತ ಹಿಂದೆ ಹೋಗುವ ಮಾತೇ ಇಲ್ಲ. ಹಿಡಿಯ ಮೇಲೋ ಹಿಡಿಯ ತುದಿಯ ಲೋಹದ ತುಂಡಾದ ಬೋಲ್‌ಸ್ಟರ್ ಮೇಲೋ ವಜ್ರಾಕಾರದ ನೋಂದಣಿ ಗುರುತಿದ್ದರೆ ವಿನ್ಯಾಸ ನೋಂದಣಿಯಾದದ್ದು 1842ರಿಂದ 1883ರೊಳಗೆ. 1884ರಿಂದ ಈಚೆಗೆ ವಜ್ರದ ಬದಲು ಬರೀ ನೋಂದಣಿ ಸಂಖ್ಯೆ. ಸೈನ್ಯದ ಚಾಕುಗಳ ಮೇಲೆ ಸರ್ಕಾರದ ಆಸ್ತಿ ಎಂದು ಸಾರುವ ಅಗಲ ಬಾಣದ ಗುರುತೂ ತಯಾರಿಕೆಯ ಇಸವಿಯೂ ಇರುತ್ತವೆ. ಹಗ್ಗದ ಗಂಟು ಬಿಡಿಸುವ ಉದ್ದ ಮೊನೆಯ ಆ ಕಪ್ಪು ಹಿಡಿಯ ಚಾಕುಗಳು ಎರಡು ಮಹಾಯುದ್ಧಗಳಲ್ಲಿ ದಂಡಿಯಾಗಿ ತಯಾರಾದವು.

ಕಾಲನಿರ್ಣಯದಲ್ಲಿ ನನಗೆ ಅತ್ಯಂತ ಪ್ರಿಯವಾದವು ಬೆಳ್ಳಿ ಅಲಗಿನ ಹಣ್ಣಿನ ಚಾಕುಗಳು. ಹಣ್ಣಿನ ಹುಳಿ ತಾಗಿದರೆ ಸಾದಾ ಉಕ್ಕು ಕಪ್ಪಾಗುತ್ತಿತ್ತು, ಹಣ್ಣಿಗೂ ಲೋಹದ ರುಚಿ ಹತ್ತುತ್ತಿತ್ತು. ಅದಕ್ಕೆ ಉಳ್ಳವರು ಬೆಳ್ಳಿ ಅಲಗು, ಚಿಪ್ಪಿನ ಹಿಡಿಯ ಪುಟ್ಟ ಮಡಚುಚಾಕು ಇಟ್ಟುಕೊಳ್ಳುತ್ತಿದ್ದರು. ಬೆಳ್ಳಿಯಾದ್ದರಿಂದ ಅದು ಪರೀಕ್ಷಾ ಕಚೇರಿಗೆ ಹೋಗಲೇಬೇಕಿತ್ತು. ಅಲ್ಲಿ ಒಂದರ ಪಕ್ಕ ಒಂದು ಮುದ್ರೆ ಬೀಳುತ್ತಿತ್ತು: ಅಪ್ಪಟ ಬೆಳ್ಳಿ ಎಂಬುದಕ್ಕೆ ನಡೆಯುವ ಸಿಂಹ, ಶೆಫೀಲ್ಡ್ ಕಚೇರಿಗೆ ಕಿರೀಟ, ಬರ್ಮಿಂಗ್‌ಹ್ಯಾಮ್ ಕಚೇರಿಗೆ ಲಂಗರು, ತಯಾರಕನ ಹೆಸರಿನ ಮೊದಲಕ್ಷರಗಳು, ವರ್ಷವನ್ನು ತಿಳಿಸುವ ಒಂದು ಅಕ್ಷರ. 1784ರಿಂದ 1890ರವರೆಗೆ ಸುಂಕ ಕಟ್ಟಿದ್ದಕ್ಕೆ ದೊರೆಯ ತಲೆಯ ಚಿತ್ರವೂ ಇರುತ್ತದೆ. ಎರಡು ಬೆರಳು ಅಗಲದ ಜಾಗದಲ್ಲಿ ಊರು, ವರ್ಷ, ತಯಾರಕ, ತೆರಿಗೆ ಎಲ್ಲ ದಾಖಲಾದ ಇಂಥ ವಸ್ತು ಇನ್ನೊಂದು ಸಿಗುವುದು ಅಪರೂಪ. ಉಕ್ಕಿನ ಚಾಕುವಿಗೆ ಹತ್ತಿಪ್ಪತ್ತು ವರ್ಷದ ಅಂದಾಜು ಕೊಟ್ಟರೆ ಹೆಚ್ಚು. ಬೆಳ್ಳಿ ಚಾಕುವಿಗೆ ವರ್ಷವನ್ನೇ ಹೇಳಬಹುದು. ಆದರೂ ಮಾರುಕಟ್ಟೆಯಲ್ಲಿ ಇವುಗಳ ಬೆಲೆ ಕಡಿಮೆ, ಗಂಡಸರ ಕೆಲಸದ ಚಾಕುಗಳ ಮೇಲೇ ಎಲ್ಲರ ಮೋಹ. ಹೊಸದಾಗಿ ಸಂಗ್ರಹ ಶುರುಮಾಡುವವರಿಗೆ ನಾನು ಮೊದಲು ಹೇಳುವುದು ಇವನ್ನೇ. ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮುದ್ರೆ ಯಾಕೆ ಸುಳ್ಳು ಹೇಳುತ್ತದೆ? ಒಂದು ಕಾರಣ, ಹೆಸರು ತನ್ನ ಒಡೆಯನಿಗಿಂತ ಹೆಚ್ಚು ಕಾಲ ಬದುಕುತ್ತದೆ. ಒಂದು ಕಾಲದಲ್ಲಿ ಬದ್ಧ ಪ್ರತಿಸ್ಪರ್ಧಿಗಳಾಗಿದ್ದ ರಾಜರ್ಸ್ ಮತ್ತು ವೋಸ್ಟನ್‌ಹೋಮ್ 1971ರಲ್ಲಿ ಒಂದಾದವು, ಬಳಿಕ ಕೈಯಿಂದ ಕೈಗೆ ಹೋದವು. ಆ ನಕ್ಷತ್ರ ಮತ್ತು ಶಿಲುಬೆ ಹೊಸ ಚಾಕುಗಳ ಮೇಲೂ ಬರುತ್ತಿವೆ. ಅಮೆರಿಕದ ಷ್ರೇಡ್ ಕಾರ್ಖಾನೆ 2004ರಲ್ಲಿ ಬಾಗಿಲು ಹಾಕಿತು, ಹೆಸರು ಮಾತ್ರ ಮಾರಾಟವಾಗಿ ಚೀನಾದಲ್ಲಿ ಆದ ಚಾಕುಗಳ ಮೇಲೆ ಕೂತಿತು. ಎರಡನೆಯದು, ಮುದ್ರೆಯಲ್ಲಿರುವ ಹೆಸರು ತಯಾರಕನದೇ ಆಗಬೇಕಿಲ್ಲ. ಸಗಟು ವ್ಯಾಪಾರಿಗಳು ಬೇರೆಯವರಿಂದ ಚಾಕು ಮಾಡಿಸಿ ತಮ್ಮ ಹೆಸರು ಕುಟ್ಟಿಸುವುದು ಸಾಮಾನ್ಯವಾಗಿತ್ತು. ಸೇಂಟ್ ಲೂಯಿಸ್‌ನ ಸಿಮನ್ಸ್ ಹಾರ್ಡ್‌ವೇರ್ ಕಂಪನಿಯ ‘ಕೀನ್ ಕಟರ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಮೂರನೆಯದು ನೇರ ಮೋಸ. ಜರ್ಮನಿಯಿಂದ ಬಂದ ಅಗ್ಗದ ಚಾಕುಗಳ ಮೇಲೆ ಶೆಫೀಲ್ಡ್ ಎಂದು ಕುಟ್ಟಿ ಮಾರುವ ಹಾವಳಿ ಎಷ್ಟು ಬೆಳೆಯಿತೆಂದರೆ, ಚಾಕುಗಾರರ ದೂರಿನ ಒತ್ತಡವೂ ಸೇರಿ ಬ್ರಿಟನ್ 1887ರಲ್ಲಿ ಸರಕಿನ ಗುರುತುಗಳ ಕಾಯ್ದೆ ತಂದಿತು. ಅದರಿಂದಾಗಿ ಜರ್ಮನ್ ಸರಕಿನ ಮೇಲೆ ಜರ್ಮನಿಯ ಹೆಸರೇ ಬರತೊಡಗಿತು. ಕಾಲಕ್ರಮದಲ್ಲಿ ಆ ಹೆಸರೇ ಗುಣಮಟ್ಟದ ಖಾತರಿಯಾಯಿತು. ಜರ್ಮನಿಯ ಸೋಲಿಂಗನ್ ಊರಿಗೆ ತನ್ನದೇ ಹಳೆಯ ಪರಂಪರೆ ಇತ್ತಲ್ಲ: ಹೆಂಕೆಲ್ಸ್ ಮನೆತನದ ಅವಳಿಗಳ ಗುರುತು ಅಲ್ಲಿ ದಾಖಲಾದದ್ದು 1731ರಲ್ಲಿ. 1938ರಲ್ಲಿ ಸೋಲಿಂಗನ್ ಎಂಬ ಊರ ಹೆಸರಿಗೇ ಕಾನೂನಿನ ರಕ್ಷಣೆ ಸಿಕ್ಕಿತು.

ಮುದ್ರೆಗಳ ವಿಚಾರದಲ್ಲಿ ಸಂಗ್ರಾಹಕರನ್ನು ಹೆಚ್ಚು ಮುದ್ದಿಸಿದ ಕಂಪನಿ ಎಂದರೆ ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡಿನ ಡಬ್ಲ್ಯು.ಆರ್. ಕೇಸ್ ಅಂಡ್ ಸನ್ಸ್. ‘ಕೇಸ್ ಟೆಸ್ಟೆಡ್ ಎಕ್ಸ್ ಎಕ್ಸ್’ ಎಂದಿದ್ದರೆ 1920ರಿಂದ 1940. ಬರೀ ‘ಕೇಸ್ ಎಕ್ಸ್ ಎಕ್ಸ್’ ಎಂದಿದ್ದರೆ 1940ರಿಂದ 1964. ಕೆಳಗೆ ‘ಯು.ಎಸ್.ಎ.’ ಸೇರಿದ್ದು 1965ರಿಂದ 1969. 1970ರಲ್ಲಿ ಹೆಸರಿನ ಕೆಳಗೆ ಹತ್ತು ಚುಕ್ಕೆ ಇಟ್ಟರು, ಆಮೇಲೆ ವರ್ಷಕ್ಕೊಂದರಂತೆ ತೆಗೆದರು. ಆರು ಚುಕ್ಕೆ ಇದ್ದರೆ 1974, ಒಂದೇ ಇದ್ದರೆ 1979. ಜೊತೆಗೆ ಅಲಗಿನ ಮೇಲೆ ಮಾದರಿ ಸಂಖ್ಯೆ. 6254 ಎಂದಿದ್ದರೆ ಮೊದಲ 6 ಮೂಳೆಯ ಹಿಡಿ, 2 ಎರಡು ಅಲಗು, 54 ಟ್ರ್ಯಾಪರ್ ಎಂಬ ಮಾದರಿ. 5254 ಆದರೆ ಅದೇ ಚಾಕುವಿಗೆ ಕೊಂಬಿನ ಹಿಡಿ. ಸಂಖ್ಯೆ ಮೂಳೆ ಎನ್ನುತ್ತಿದ್ದು ಹಿಡಿ ಹಳದಿ ಪ್ಲಾಸ್ಟಿಕ್ ಆಗಿದ್ದರೆ ಯಾರೋ ಹಿಡಿ ಬದಲಿಸಿದ್ದಾರೆ ಎಂದು ಪುಸ್ತಕ ತೆರೆಯದೆ ಹೇಳಬಹುದು. ರೆಮಿಂಗ್ಟನ್ ಕಂಪನಿ ಜೇಬುಚಾಕು ಮಾಡಿದ್ದು 1920ರಿಂದ 1940ರವರೆಗಿನ ಎರಡು ದಶಕ ಮಾತ್ರ. ಹಿಡಿಯಲ್ಲಿ ಗುಂಡಿನ ಆಕಾರದ ಬಿಲ್ಲೆಯಿರುವ ಅವರ ಚಾಕುಗಳಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಆ ಕಾರಣಕ್ಕೇ ಅವುಗಳ ನಕಲು ಹೆಚ್ಚು. 1982ರಿಂದ ಅದೇ ಹೆಸರಿನಲ್ಲಿ ಮರುತಯಾರಿಕೆಯೂ ನಡೆದಿದೆ.

ಮಾದರಿಗಳ ಲೋಕವೇ ಬೇರೆ ಒಂದು ಲೇಖನಕ್ಕೆ ಆಗುವಷ್ಟಿದೆ. ಒಂದೊಂದು ಅಲಗಿನ ಹಿಂದೆ ಒಂದೊಂದು ಕಸುಬು ಇದೆ ಎಂಬುದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಸ್ಟಾಕ್‌ಮನ್ ಚಾಕುವಿನ ಮೂರನೆಯ ಮೊಂಡು ಮೂತಿಯ ಅಲಗು ದನಕರುಗಳ ಬೀಜ ತೆಗೆಯಲು ಇದ್ದದ್ದು. ಕುದುರೆ ಸವಾರನ ಚಾಕುವಿನಲ್ಲಿ ಗೊರಸಿನ ಕಲ್ಲು ಕೀಳುವ ಕೊಕ್ಕೆ ಇರುತ್ತದೆ. ಉದ್ದನೆಯ ಕಬ್ಬಿಣದ ಬೋಲ್‌ಸ್ಟರಿನ ಬಾರ್ಲೋ ಬಡ ಹುಡುಗರ ಚಾಕು. 1876ರಲ್ಲಿ ಬಂದ ಮಾರ್ಕ್ ಟ್ವೇನ್ ಕಾದಂಬರಿಯಲ್ಲಿ ಟಾಮ್ ಸಾಯರ್ ಕುಣಿದಾಡುವುದು ಅಂಥದೊಂದು ಕೈಗೆ ಬಂದಾಗ. ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ಚಾಕುವಿಗೆ ಮುದ್ರೆ ನೋಡುವ ಅಗತ್ಯವೇ ಬೀಳದು: ಕತ್ತಿನಲ್ಲಿ ತಿರುಗಿಸುವ ಲಾಕ್ ಬಳೆ ಬಂದದ್ದು 1955ರಲ್ಲಿ, ತೀರಾ ಚಿಕ್ಕ ಅಳತೆಗಳನ್ನು ಬಿಟ್ಟರೆ ಬಳೆ ಇಲ್ಲದ್ದು ಅದಕ್ಕಿಂತ ಹಿಂದಿನದು. ಅಥವಾ ಯಾರೋ ಬಳೆ ಕಿತ್ತಿದ್ದಾರೆ, ಅದನ್ನು ಕತ್ತಿನ ಗೀರು ಹೇಳುತ್ತದೆ. ಸ್ವಿಸ್ ಸೈನಿಕ ಚಾಕುವಿನ ಮೊದಲ ಕಂತು 1891ರಲ್ಲಿ ಬಂದದ್ದು ಸ್ವಿಟ್ಜರ್ಲೆಂಡಿನಿಂದಲ್ಲ, ಸೋಲಿಂಗನ್‌ನ ವೆಸ್ಟರ್ ಕಂಪನಿಯಿಂದ. ಈಬಾಕ್ ಊರಿನ ಕಾರ್ಲ್ ಎಲ್ಸನರ್ ಆಮೇಲೆ ಅದನ್ನು ಸ್ವದೇಶಕ್ಕೆ ತಂದರು. ವಿಕ್ಟೋರಿನಾಕ್ಸ್ ಎಂಬ ಹೆಸರು ಹುಟ್ಟಿದ್ದೇ 1921ರಲ್ಲಿ.

ಈಗ ಒಂದು ಚಾಕುವನ್ನು ಹತ್ತಿರದಿಂದ ನೋಡೋಣ. ನನ್ನ ಮೇಜಿನ ಮೇಲೆ ಎರಡು ಅಲಗಿನ ಒಂದು ರಾಜರ್ಸ್ ಇದೆ, ಹಿಡಿ ಕಡವೆ ಕೊಂಬಿನದು. ಮುಚ್ಚಿದ ಸ್ಥಿತಿಯಲ್ಲೇ ಅರ್ಧ ಪರೀಕ್ಷೆ ಮುಗಿಸಬೇಕು. ಎರಡು ಪಕ್ಕದ ಕೊಂಬಿನ ಬಣ್ಣ, ಸುಕ್ಕು, ಸವೆತ ಒಂದಕ್ಕೊಂದು ಹೊಂದುತ್ತವೆ. ಮೊಳೆಯ ತಲೆಗಳು ಕೊಂಬಿನ ಮಟ್ಟಕ್ಕೇ ಸವೆದಿವೆ, ಸುತ್ತ ಬಿರುಕಿಲ್ಲ. ಹೊಸ ಮೊಳೆ ಹಾಕಿದ್ದರೆ ತಲೆ ಗುಂಡಗೆ ಎದ್ದಿರುತ್ತಿತ್ತು, ಸುತ್ತ ಸುತ್ತಿಗೆಯ ಪೆಟ್ಟು ಕಾಣುತ್ತಿತ್ತು. ಬೆನ್ನಿಗೆ ಬೆಳಕು ಹಿಡಿದರೆ ಸ್ಪ್ರಿಂಗಿಗೂ ತಗಡಿಗೂ ನಡುವೆ ಸಂದು ಇಲ್ಲ. ದೊಡ್ಡ ಅಲಗು ಬಿಡಿಸುವಾಗ ಸ್ಪ್ರಿಂಗ್ ಎದ್ದು ಮತ್ತೆ ಕೂರುವ ಸದ್ದು ಚುರುಕಾಗಿದೆ. ಚಿಕ್ಕ ಅಲಗಿನದು ಮಂದ. ಬುಡದ ಅಗಲಕ್ಕೂ ದೊಡ್ಡ ಅಲಗಿನ ಅಗಲಕ್ಕೂ ದೊಡ್ಡ ವ್ಯತ್ಯಾಸವಿದೆ, ಕಲ್ಲಿಗೆ ಉಜ್ಜಿ ಉಜ್ಜಿ ಅಲಗು ಮೂರನೇ ಒಂದು ಭಾಗ ಕರಗಿದೆ. ಚಿಕ್ಕದು ಹೆಚ್ಚುಕಡಿಮೆ ಪೂರ್ತಿ ಇದೆ. ಒಡೆಯ ದಿನವೂ ದೊಡ್ಡದನ್ನು ಬಳಸಿದ, ಚಿಕ್ಕದನ್ನು ಮುಟ್ಟಿದ್ದು ಕಡಿಮೆ ಎಂದು ಇದರಿಂದ ಗೊತ್ತಾಗುತ್ತದೆ. ಒಂದು ವೇಳೆ ದೊಡ್ಡ ಅಲಗು ಪೂರ್ತಿಯಾಗಿದ್ದು ಹಿಡಿ ಸವೆದು ನುಣುಪಾಗಿದ್ದರೆ ನಾನು ಅನುಮಾನ ಪಡುತ್ತಿದ್ದೆ. ಕೈಗೆ ಅಷ್ಟು ಉಜ್ಜಿದ ಚಾಕುವಿನ ಅಲಗು ಕಲ್ಲಿಗೆ ಉಜ್ಜದೆ ಉಳಿಯುವುದು ಹೇಗೆ? ಅಲಗು ಬದಲಾಗಿರಬೇಕು.

ಅಕ್ಷರ ನೋಡುವುದು ಇದೆಲ್ಲ ಆದ ಮೇಲೆ. ಮೆದು ಉಕ್ಕಿಗೆ ಅಚ್ಚು ಕುಟ್ಟಿದ ಅಕ್ಷರದ ತಳ ಸಮನಾಗಿ ಆಳವಾಗಿರುತ್ತದೆ, ಅಂಚು ಚೂಪಾಗಿರುತ್ತದೆ. ಹದವಾದ ಅಲಗಿಗೆ ಅಚ್ಚು ಒಪ್ಪವಾಗಿ ಇಳಿಯದು. ಅದಕ್ಕೆ ನಕಲಿಗಾರರು ಆಮ್ಲದಿಂದಲೋ ಕೊರೆಯುವ ಸೂಜಿಯಿಂದಲೋ ಅಕ್ಷರ ಬಿಡಿಸುತ್ತಾರೆ. ಭೂತಗನ್ನಡಿಯಲ್ಲಿ ಅಂಥ ಅಕ್ಷರದ ಅಂಚು ಒರಟು, ತಳ ಏರುಪೇರು. ಬುಡ ಒಂದು ಚಾಕುವಿನದು, ಅಲಗು ಇನ್ನೊಂದರದು, ನಡುವೆ ಬೆಸುಗೆ, ಇಂಥದೂ ಉಂಟು. ಬೆಸುಗೆಯ ಜಾಗದಲ್ಲಿ ಉಕ್ಕಿನ ಬಣ್ಣ ಬದಲಾಗಿರುತ್ತದೆ, ಅದನ್ನು ಮುಚ್ಚಲು ಇಡೀ ಅಲಗನ್ನು ಪಾಲಿಶ್ ಚಕ್ರಕ್ಕೆ ಕೊಟ್ಟಿರುತ್ತಾರೆ. ಹಳೆಯ ಚಾಕು ಮೇಲಿಂದ ಕೆಳಗಿನವರೆಗೆ ಥಳಥಳ ಹೊಳೆದರೆ ಅದನ್ನು ಗುಣವೆಂದು ತಿಳಿಯದೆ ಪ್ರಶ್ನೆಯೆಂದು ತಿಳಿಯಬೇಕು.

ಹೀಗಾಗಿ ಶುಚಿಗೊಳಿಸುವ ವಿಚಾರದಲ್ಲಿ ಸಂಗ್ರಾಹಕರಲ್ಲಿ ಎರಡು ಪಕ್ಷ. ಹೊಸದರಂತೆ ಮಾಡಿ ಇಡಬೇಕು ಎನ್ನುವವರು ಒಂದು ಕಡೆ, ಮುಟ್ಟಲೇಬಾರದು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಹತ್ತಿರ ನಿಲ್ಲುತ್ತೇನೆ, ಪೂರ್ತಿ ಅವರ ಜೊತೆ ಅಲ್ಲ. ಕೆಂಪು ತುಕ್ಕು ಜೀವಂತ ರೋಗ, ಅದನ್ನು ಎಣ್ಣೆ ಹಚ್ಚಿ ನೆನೆಸಿ ಮೆತ್ತಗೆ ತೆಗೆಯಲೇಬೇಕು. ಬೂದು ನೀಲಿ ಮಸುಕು ಹಾಗಲ್ಲ. ಅದು ಹಣ್ಣು, ತರಕಾರಿ, ಬೆವರು ಸೇರಿ ದಶಕಗಳಲ್ಲಿ ಕಟ್ಟಿದ ಪದರ, ಉಕ್ಕನ್ನು ಅಷ್ಟಿಷ್ಟು ಕಾಯುತ್ತದೆ. ಅದನ್ನು ಉಜ್ಜಿ ತೆಗೆದರೆ ಜೊತೆಗೆ ಮುದ್ರೆಯ ಅಂಚೂ ಹೋಗುತ್ತದೆ, ಹಿಂದೆ ಬಳಸಿದವರ ಗುರುತೂ ಹೋಗುತ್ತದೆ. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚಾಕು ಇಡುವವರಿಗೆ ಇನ್ನೊಂದು ಮಾತು. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಕ್ರಮೇಣ ಅಂಟಾಗಿ ಸ್ಪ್ರಿಂಗನ್ನು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ಚರ್ಮ ಹದಮಾಡಿದ ರಾಸಾಯನಿಕವೂ ತೇವವೂ ಸೇರಿ ಹಿತ್ತಾಳೆ ಹಸಿರಾಗುತ್ತದೆ, ಉಕ್ಕು ತಿನ್ನಿಸಿಕೊಳ್ಳುತ್ತದೆ. ಸೆಲ್ಯುಲಾಯ್ಡ್ ಹಿಡಿಯ ಚಾಕುಗಳನ್ನಂತೂ ಉಳಿದವುಗಳಿಂದ ದೂರವೇ ಇಡಬೇಕು. 19ನೆಯ ಶತಮಾನದ ಕೊನೆಯಿಂದ ಆಮೆಚಿಪ್ಪು, ದಂತ, ಮುತ್ತಿನ ಚಿಪ್ಪಿನ ಬದಲಿಗೆ ಬಂದ ಈ ವಸ್ತು ಹಳತಾದಾಗ ಆಮ್ಲದ ಆವಿ ಬಿಡುತ್ತದೆ, ಶಾಖ ಹೆಚ್ಚಿದ್ದಲ್ಲಿ ಇನ್ನೂ ಬೇಗ. ಒಂದೇ ಪೆಟ್ಟಿಗೆಯಲ್ಲಿರುವ ಬೇರೆ ಚಾಕುಗಳ ಅಲಗೂ ಅದರಿಂದ ತುಕ್ಕು ಹಿಡಿಯುತ್ತದೆ.

ಹಿಡಿಯ ವಿಚಾರ ನಮಗೆ ಬಹಳ ಹತ್ತಿರದ್ದು. ಶೆಫೀಲ್ಡ್, ಸೋಲಿಂಗನ್, ಅಮೆರಿಕದ ಕಾರ್ಖಾನೆಗಳು ‘ಸ್ಟ್ಯಾಗ್’ ಎಂದು ಮೆರೆಸಿದ ಕೊಂಬಿನಲ್ಲಿ ಬಹುಪಾಲು ಭಾರತದ ಕಡವೆಯದು. ಒಳಗೆ ಟೊಳ್ಳು ಕಡಿಮೆ, ಹೊರಗೆ ಒರಟು ಸುಕ್ಕು, ಕೈ ಜಾರುವುದಿಲ್ಲ, ತೆಳುವಾಗಿ ಸೀಳಿದರೂ ಗಟ್ಟಿ. ಎಮ್ಮೆ ಕೊಂಬೂ ಇಲ್ಲಿಂದ ಹೇರಳವಾಗಿ ಹೋಗುತ್ತಿತ್ತು. ಬಂಡೀಪುರ, ನಾಗರಹೊಳೆಯಲ್ಲಿ ಕಡವೆ ನೋಡಿದವರಿಗೆ ಆ ಸುಕ್ಕಿನ ಪರಿಚಯ ಇದ್ದೇ ಇರುತ್ತದೆ. ಉದುರಿದ ಕೊಂಬಿನ ಹೆಸರಿನಲ್ಲಿ ಬೇಟೆಯ ಕೊಂಬೂ ಸಾಗುತ್ತಿತ್ತಾದ್ದರಿಂದ ಭಾರತ ಅದರ ವ್ಯಾಪಾರ, ರಫ್ತು ಎರಡನ್ನೂ ನಿಲ್ಲಿಸಿತು. ಕಾರ್ಖಾನೆಗಳು ಗೀರು ಕೆತ್ತಿದ ದನದ ಮೂಳೆಗೆ ಇನ್ನಷ್ಟು ವಾಲಿದವು. ದಂತದ ಹಿಡಿಯ ಚಾಕು ಸಿಕ್ಕವರು ಇನ್ನೂ ಹುಷಾರಾಗಿರಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳು ದಂತದ ಕೊಡುಕೊಳ್ಳುವಿಕೆಯನ್ನು ನಿಷೇಧಿಸಿವೆ, ಬ್ರಿಟನ್ನಿನ ದಂತ ಕಾಯ್ದೆ 2022ರಲ್ಲಿ ಜಾರಿಗೆ ಬಂತು. ಹಳೆಯದು ಎಂಬ ಸಬೂಬು ಇಲ್ಲಿ ನಡೆಯದು, ನಡೆಯಬಾರದು ಕೂಡ. ಹಿಡಿ ಯಾವುದರದು ಎಂದು ತಿಳಿಯಲು ಬಿಸಿ ಸೂಜಿ ಚುಚ್ಚುವ ಹಳೆಯ ಪರೀಕ್ಷೆ ಮಾಡಲೇಬೇಡಿ, ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಭೂತಗನ್ನಡಿಯೇ ಸಾಕು. ಆನೆದಂತದ ಅಡ್ಡ ಸೀಳಿನಲ್ಲಿ ಒಂದನ್ನೊಂದು ಕತ್ತರಿಸುವ ಬಾಗಿದ ಗೆರೆಗಳಿರುತ್ತವೆ, ಮೂಳೆಯಲ್ಲಿ ರಕ್ತನಾಳ ಹಾದ ಸಣ್ಣ ಕಪ್ಪು ಚುಕ್ಕೆಗಳು, ಸೆಲ್ಯುಲಾಯ್ಡಿನಲ್ಲಿ ಯಂತ್ರ ಎಳೆದ ನೆಟ್ಟಗಿನ ಸಮಾನಾಂತರ ಗೆರೆಗಳು.

ಓದಬೇಕೆನ್ನುವವರಿಗೆ ಸಾಮಗ್ರಿ ಬೇಕಾದಷ್ಟಿದೆ. ಶೆಫೀಲ್ಡಿಗೆ ಜೆಫ್ರಿ ಟ್ವೀಡೇಲ್ ಸಿದ್ಧಪಡಿಸಿದ ತಯಾರಕರ ಕೋಶ ಅಸಾಧಾರಣ ಶ್ರಮದ ಕೆಲಸ, ಅಮೆರಿಕದ ಚಾಕುಗಳಿಗೆ ಬರ್ನಾರ್ಡ್ ಲೆವಿನ್ ಅವರ ಕೈಪಿಡಿ. ಲೆವಿನ್ ಅವರನ್ನು ನಾನು ವಿಶೇಷವಾಗಿ ಗೌರವಿಸುವುದು, ಹೆಸರಿಗಿಂತ ಮೊದಲು ಮಾದರಿ, ಕೆಲಸಗಾರಿಕೆ, ಸ್ಥಿತಿ ನೋಡಿ ಎಂದು ಅವರು ಹೇಳುವ ಕಾರಣಕ್ಕೆ. ಶೆಫೀಲ್ಡಿನ ಕೆಲ್ಹಮ್ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿರುವ ಕೆನ್ ಹಾಲಿ ಸಂಗ್ರಹವೂ ಇದೇ ಮನೋಭಾವದ್ದು. ಚಾಕುವಿನ ಜೊತೆ ಅದನ್ನು ಮಾಡಿದ ಉಪಕರಣ, ಅರ್ಧಕ್ಕೆ ನಿಂತ ಕೆಲಸ, ಅಂಗಡಿಯ ಪಟ್ಟಿ ಎಲ್ಲವನ್ನೂ ಅಲ್ಲಿ ಉಳಿಸಿದ್ದಾರೆ. ನಮ್ಮ ರಾಂಪುರ, ಅಲಿಗಢದ ಚಾಕುಗಾರರ ಬಗ್ಗೆ ಇಂಥ ಕೋಶವೊಂದು ಆಗಬೇಕೆಂಬುದು ನನ್ನ ದೊಡ್ಡ ಆಸೆ. ಸಿನಿಮಾ ಖಳನ ಕೈಯಲ್ಲಿ ಹೆಸರು ಕೆಡಿಸಿಕೊಂಡ ರಾಂಪುರಿಯಲ್ಲೂ ಜೋಡಿಸುವವನ ಕೈಚಳಕ ಶೆಫೀಲ್ಡಿನವನಷ್ಟೇ ಅಭ್ಯಾಸಕ್ಕೆ ಯೋಗ್ಯ.

ಬೆಂಗಳೂರಿನ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲೋ ಮುಂಬಯಿಯ ಚೋರ್ ಬಜಾರಿನಲ್ಲೋ ಚಾಕು ಕೊಳ್ಳುವವರು ಮೊದಲ ವರ್ಷ ಬೆಲೆಯ ಹಿಂದೆ ಹೋಗದೆ ಕಣ್ಣು ತಿದ್ದಿಕೊಳ್ಳಲಿ. ಒಂದು ದಾರಿ ಹಿಡಿಯುವುದು ಒಳ್ಳೆಯದು: ಒಂದೇ ತಯಾರಕ, ಒಂದೇ ಮಾದರಿ, ಇಲ್ಲವೇ ತೋಟದ ಚಾಕು, ಸೈನ್ಯದ ಚಾಕು ಎಂಬಂತೆ ಒಂದೇ ಕಸುಬು. ಒಂದೇ ಮಾದರಿಯ ಹಲವನ್ನು ಪಕ್ಕಪಕ್ಕ ಇಟ್ಟಾಗ ಸರಿಯಿಲ್ಲದ್ದು ತಾನಾಗಿ ಎದ್ದು ಕಾಣುತ್ತದೆ. ಮನೆಯ ಹಿರಿಯರ ಚಾಕುವಾದರೆ ಪಾಲಿಶ್ ಮಾಡಿಸುವ ಮೊದಲು ಒಂದು ಚೀಟಿ ಬರೆಯಿರಿ. ಯಾರದು, ಎಲ್ಲಿ ಕೊಂಡದ್ದು, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಮುಚ್ಚಿದಾಗ ಎಷ್ಟು ಮಿಲಿಮೀಟರ್ ಉದ್ದ, ಹಿಡಿ ಯಾವುದು, ಎಷ್ಟು ಮೊಳೆ. ಮುದ್ರೆಯನ್ನು ಕಂಡಷ್ಟೇ, ಸಾಲು ಸಾಲಾಗಿ, ಇದ್ದ ಹಾಗೆ ಚಿತ್ರಿಸಿ. ಅಳಿಸಿಹೋದ ಅಕ್ಷರದ ಜಾಗವನ್ನು ಊಹೆಯಿಂದ ತುಂಬದೆ ಖಾಲಿ ಬಿಡಿ. ಮುಂದೆ ಅದೇ ಮಾದರಿಯ ಇನ್ನೊಂದು ಚಾಕು ಸಿಕ್ಕಾಗ ಆ ಜಾಗ ತುಂಬಬಹುದು.